ಆಲ್ಚಿನಾ: ಮಾಯಾಂಗನೆಯ ಬಯಕೆಗೆ ಹೊಸ ರಂಗರೂಪ

‘ಆಲ್ಚಿನಾ’ ಹ್ಯಾಂಡೆಲ್ ರಚಿಸಿದ ಬರೋಕ್ ಒಪೆರಾ. 1735ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡಿತು. ಇಟಲಿಯ ಕವಿ ಅರಿಯೊಸ್ತೊನ ಕಾವ್ಯ ಇದರ ಮೂಲ.

ಪ್ರಣಯಿಗಳನ್ನು ತನ್ನ ದ್ವೀಪಕ್ಕೆ ಸೆಳೆದು, ಬಳಿಕ ಕಲ್ಲು, ಮೃಗಗಳನ್ನಾಗಿ ಮಾರ್ಪಡಿಸುವ ಮಾಂತ್ರಿಕಳು ಆಲ್ಚಿನಾ. ಕಥೆ ಅವಳನ್ನು ದಂಡಿಸುತ್ತದೆ. ಸಂಗೀತ ಅವಳ ಪರ ನಿಲ್ಲುತ್ತದೆ. ಪ್ರಿಯಕರ ರುಜ್ಜೇರೊ ತೊರೆಯುವನೆಂದು ತಿಳಿದಾಗ, ಎರಡನೆಯ ಅಂಕದಲ್ಲಿ ಅವಳು ಹಾಡುವ ಗೀತೆಯಲ್ಲಿ ಕ್ರೋಧಕ್ಕಿಂತ ನೋವೇ ಮಿಗಿಲು.

ಆಧುನಿಕ ನಿರ್ದೇಶಕರು ಹಿಡಿದದ್ದು ಈ ದ್ವಂದ್ವವನ್ನೇ. 1999ರ ಪ್ಯಾರಿಸ್ ಪ್ರಯೋಗದಲ್ಲಿ ರಾಬರ್ಟ್ ಕಾರ್ಸನ್ ನಗ್ನ ಪುರುಷರನ್ನು ರಂಗಕ್ಕೆ ತಂದರು, ನೋಟ ಹೆಣ್ಣಿನದಾಯಿತು. 2015ರಲ್ಲಿ ಫ್ರಾನ್ಸಿನ ಏಕ್ಸ್ ಉತ್ಸವದಲ್ಲಿ ಕೇಟಿ ಮಿಚೆಲ್ ರಂಗವನ್ನು ಕೋಣೆಗಳಾಗಿ ವಿಂಗಡಿಸಿದರು. ನಡುಕೋಣೆಯಲ್ಲಿ ಯುವತಿಯಾದ ಆಲ್ಚಿನಾ ಬಾಗಿಲು ದಾಟಿದೊಡನೆ ವೃದ್ಧೆ. ಮುಪ್ಪಿನ ಹೆಣ್ಣಿಗೂ ಬಯಕೆಯುಂಟು. ಅದನ್ನು ತೋರಲು ಯೌವನದ ವೇಷವೇಕೆ ಬೇಕು ಎಂಬುದೇ ಅಲ್ಲಿನ ಪ್ರಶ್ನೆ.