ಯುರೋಪ್‌ನ ಕೋವಿಡ್ ಪ್ರಯಾಣ ನಿಯಮಗಳು ಮತ್ತೆ ಮತ್ತೆ ಬದಲಾದದ್ದು ಏಕೆ? ಜನ ಬೇಸತ್ತದ್ದು ಏಕೆ?

2020ರಿಂದ 2022ರವರೆಗೆ ಯುರೋಪ್‌ನಲ್ಲಿ ಒಂದು ದೇಶದಿಂದ ಪಕ್ಕದ ದೇಶಕ್ಕೆ ಹೋಗುವುದು ದೊಡ್ಡ ತಲೆನೋವಾಗಿತ್ತು. ಇವತ್ತು ಹಸಿರು ಎಂದಿದ್ದ ದೇಶ ಮುಂದಿನ ವಾರ ಕೆಂಪಾಗುತ್ತಿತ್ತು. ಒಂದು ಗಡಿಯಲ್ಲಿ ಒಪ್ಪಿದ ಪರೀಕ್ಷಾ ವರದಿಯನ್ನು ಇನ್ನೊಂದು ಗಡಿಯಲ್ಲಿ ಒಪ್ಪುತ್ತಿರಲಿಲ್ಲ. ನಿಮ್ಮ ಮಕ್ಕಳು ಅಥವಾ ಬಂಧುಗಳು ಆಗ ಜರ್ಮನಿಯಲ್ಲೋ ಐರ್ಲೆಂಡ್‌ನಲ್ಲೋ ಇದ್ದಿದ್ದರೆ ಈ ಗೊಂದಲವನ್ನು ನೀವೂ ಫೋನಿನಲ್ಲಿ ಕೇಳಿರುತ್ತೀರಿ.

ಈ ಬದಲಾವಣೆಗಳಲ್ಲಿ ಕೆಲವಕ್ಕೆ ವೈಜ್ಞಾನಿಕ ಕಾರಣವಿತ್ತು, ಕೆಲವಕ್ಕೆ ಆಡಳಿತದ ಕಾರಣವಿತ್ತು. ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಜನರ ಸಿಟ್ಟಿನಲ್ಲಿ ಎಷ್ಟು ನ್ಯಾಯವಿತ್ತು ಎಂದು ತಿಳಿಯುತ್ತದೆ. ಮುಂದೆ ಇಂಥ ಪರಿಸ್ಥಿತಿ ಬಂದರೆ ನಿಯಮವನ್ನು ಹೇಗೆ ಓದಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಮುಖ್ಯಾಂಶಗಳು

- ಯುರೋಪಿಯನ್ ಒಕ್ಕೂಟ ಸಲಹೆ ಕೊಡುತ್ತಿತ್ತು. ನಿಯಮ ಮಾಡುತ್ತಿದ್ದುದು ಆಯಾ ದೇಶ.
- ಬಣ್ಣದ ನಕ್ಷೆ ಮತ್ತು ಡಿಜಿಟಲ್ ಪ್ರಮಾಣಪತ್ರ ಎಲ್ಲರಿಗೂ ಒಂದೇ ಆಗಿದ್ದವು. ಅವುಗಳ ಆಧಾರದ ಮೇಲೆ ಏನು ಮಾಡಬೇಕು ಎಂಬುದು ಒಂದೇ ಆಗಿರಲಿಲ್ಲ.
- ಜನರ ಮುಖ್ಯ ದೂರು ಮೂರು: ತೀರಾ ಕಡಿಮೆ ಮುನ್ಸೂಚನೆ, ದೇಶಕ್ಕೊಂದು ಲೆಕ್ಕ, ಕಾರಣ ವಿವರಿಸದ ಆದೇಶ.
- ಭಾರತದಲ್ಲಿ ಕೋವಿಶೀಲ್ಡ್ ಪಡೆದವರಿಗೂ ಇದೇ ಗೊಂದಲದ ಬಿಸಿ ತಟ್ಟಿತು.

ಗಡಿಯೇ ಇಲ್ಲದ ಕಡೆ ಬೇಲಿ ಬಂದಾಗ

ಷೆಂಗೆನ್ ಪ್ರದೇಶದಲ್ಲಿ ಆಗ 26 ದೇಶಗಳಿದ್ದವು. ಇವುಗಳ ನಡುವೆ ಸಾಮಾನ್ಯವಾಗಿ ಪಾಸ್‌ಪೋರ್ಟ್ ತಪಾಸಣೆ ಇರುವುದಿಲ್ಲ. ಫ್ರಾನ್ಸ್‌ನಲ್ಲಿ ಮನೆ, ಲಕ್ಸೆಂಬರ್ಗ್‌ನಲ್ಲಿ ಕೆಲಸ ಎಂಬುದು ಅಲ್ಲಿ ದಿನನಿತ್ಯದ ಸಂಗತಿ. ಹೀಗೆ ಗಡಿ ದಾಟಿ ಕೆಲಸಕ್ಕೆ ಹೋಗುವವರು ಹತ್ತು ಲಕ್ಷಕ್ಕೂ ಹೆಚ್ಚು. ಅವರಲ್ಲಿ ನರ್ಸ್‌ಗಳು ಮತ್ತು ವೃದ್ಧರ ಆರೈಕೆ ಮಾಡುವವರೂ ಬಹಳ ಮಂದಿ.

2020ರ ಮಾರ್ಚ್‌ನಲ್ಲಿ ಒಂದೊಂದೇ ದೇಶ ಗಡಿ ತಪಾಸಣೆಯನ್ನು ಮರಳಿ ತಂದಿತು. ಮಾರ್ಚ್ 16ರಂದು ಜರ್ಮನಿ ಫ್ರಾನ್ಸ್, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್ ಮತ್ತು ಲಕ್ಸೆಂಬರ್ಗ್ ಜೊತೆಗಿನ ಗಡಿಯಲ್ಲಿ ತಪಾಸಣೆ ಶುರು ಮಾಡಿತು. ಜರ್ಮನಿಯ ಕಾನ್‌ಸ್ಟಾನ್ಜ್ ಮತ್ತು ಸ್ವಿಟ್ಜರ್ಲೆಂಡ್‌ನ ಕ್ರಾಯ್ಟ್ಸ್‌ಲಿಂಗೆನ್ ಒಂದಕ್ಕೊಂದು ಅಂಟಿಕೊಂಡ ಊರುಗಳು. ಅವುಗಳ ನಡುವೆ ತಂತಿ ಬೇಲಿ ಎದ್ದಿತು. ಜನ ಬೇಲಿಯ ಎರಡೂ ಕಡೆ ನಿಂತು ಸಂಗಾತಿಗಳನ್ನು, ತಂದೆತಾಯಿಯನ್ನು ಭೇಟಿಯಾಗತೊಡಗಿದರು. ಬೇಲಿಯ ಮೂಲಕ ಕೈ ಹಿಡಿಯುವುದನ್ನು ತಡೆಯಲು ಸ್ವಲ್ಪ ದಿನಗಳಲ್ಲೇ ಎರಡನೇ ಬೇಲಿ ಬಂತು. ಮೇ ಮಧ್ಯದಲ್ಲಿ ಎರಡನ್ನೂ ತೆಗೆದರು.

ಅದೇ ವಸಂತದಲ್ಲಿ ಪೂರ್ವ ಫ್ರಾನ್ಸ್‌ನ ಆಸ್ಪತ್ರೆಗಳು ತುಂಬಿಹೋದಾಗ ಗಂಭೀರ ರೋಗಿಗಳನ್ನು ಜರ್ಮನಿ, ಲಕ್ಸೆಂಬರ್ಗ್ ಮತ್ತು ಸ್ವಿಟ್ಜರ್ಲೆಂಡ್‌ನ ಆಸ್ಪತ್ರೆಗಳಿಗೆ ಸಾಗಿಸಲಾಯಿತು. ರೋಗಿಗೆ ತೆರೆದ ಗಡಿ ಅವರನ್ನು ನೋಡಲು ಬರುವ ಕುಟುಂಬಕ್ಕೆ ಮುಚ್ಚಿತ್ತು.

ನಿಯಮ ಮಾಡುತ್ತಿದ್ದವರು ಯಾರು?

ಯುರೋಪಿಯನ್ ಒಕ್ಕೂಟದ ಮೂಲ ಒಪ್ಪಂದದ ಪ್ರಕಾರ ಆರೋಗ್ಯ ಸೇವೆಯ ಹೊಣೆ ಸದಸ್ಯ ದೇಶಗಳದ್ದು. ಆದ್ದರಿಂದ ಕೋವಿಡ್ ಪ್ರಯಾಣದ ಬಗ್ಗೆ ಒಕ್ಕೂಟ ಹೆಚ್ಚಾಗಿ ಶಿಫಾರಸು ಮಾಡಬಹುದಿತ್ತು. ಶಿಫಾರಸನ್ನು ಪಾಲಿಸಲೇಬೇಕು ಎಂಬ ಕಾನೂನು ಇರಲಿಲ್ಲ.

2020ರ ಅಕ್ಟೋಬರ್ 13ರಂದು ದೇಶಗಳು ಒಂದು ಸಾಮಾನ್ಯ ಬಣ್ಣದ ನಕ್ಷೆಗೆ ಒಪ್ಪಿದವು. ಸ್ವೀಡನ್‌ನಲ್ಲಿರುವ ಯುರೋಪಿಯನ್ ರೋಗ ನಿಯಂತ್ರಣ ಕೇಂದ್ರ ಪ್ರತಿ ಗುರುವಾರ ಅದನ್ನು ಪ್ರಕಟಿಸುತ್ತಿತ್ತು. ಲೆಕ್ಕ ಹೀಗಿತ್ತು:

- ಹಸಿರು: 14 ದಿನಗಳಲ್ಲಿ 1 ಲಕ್ಷ ಜನರಿಗೆ 25ಕ್ಕಿಂತ ಕಡಿಮೆ ಹೊಸ ಸೋಂಕು, ಪರೀಕ್ಷಿಸಿದವರಲ್ಲಿ ಶೇ. 4ಕ್ಕಿಂತ ಕಡಿಮೆ ಪಾಸಿಟಿವ್.
- ಕಿತ್ತಳೆ: ಹಸಿರಿಗೂ ಕೆಂಪಿಗೂ ನಡುವಿನ ಸ್ಥಿತಿ.
- ಕೆಂಪು: 50 ಅಥವಾ ಹೆಚ್ಚು ಸೋಂಕು ಮತ್ತು ಶೇ. 4 ಅಥವಾ ಹೆಚ್ಚು ಪಾಸಿಟಿವ್, ಇಲ್ಲವೇ ಸೋಂಕು 150ನ್ನು ಮೀರಿದ್ದರೆ.
- ಬೂದು: ಸಾಕಷ್ಟು ಮಾಹಿತಿ ಅಥವಾ ಪರೀಕ್ಷೆ ಇಲ್ಲದ ಪ್ರದೇಶ.

2021ರ ಆರಂಭದಲ್ಲಿ ಕಡುಗೆಂಪು ಕೂಡ ಸೇರಿತು. ನಕ್ಷೆ ಒಂದೇ ಆದರೂ ಕೆಂಪು ಪ್ರದೇಶದಿಂದ ಬಂದವರಿಗೆ ಪರೀಕ್ಷೆಯೋ, ಕ್ವಾರಂಟೈನೋ, ಎಷ್ಟು ದಿನವೋ ಎಂಬುದನ್ನು ಪ್ರತಿ ದೇಶವೂ ತಾನೇ ತೀರ್ಮಾನಿಸುತ್ತಿತ್ತು. ಜರ್ಮನಿಯಂಥ ದೇಶಗಳು ತಮ್ಮದೇ ಅಪಾಯದ ಪಟ್ಟಿಯನ್ನೂ ಇಟ್ಟುಕೊಂಡಿದ್ದವು. ಒಕ್ಕೂಟದಿಂದ ಹೊರಬಂದಿದ್ದ ಬ್ರಿಟನ್‌ನ ಪಟ್ಟಿ ಸಂಪೂರ್ಣ ಬೇರೆ.

ಬದಲಾವಣೆಗೆ ಇದ್ದ ವೈಜ್ಞಾನಿಕ ಕಾರಣಗಳು

*ಲೆಕ್ಕ ತಡವಾಗಿ ಬರುತ್ತದೆ.* ಸೋಂಕು ತಗುಲಿ, ಲಕ್ಷಣ ಕಾಣಿಸಿ, ಪರೀಕ್ಷೆಯಾಗಿ, ವರದಿ ಸೇರುವ ಹೊತ್ತಿಗೆ ಒಂದು ವಾರ ಕಳೆದಿರುತ್ತದೆ. ಇವತ್ತಿನ ನಕ್ಷೆ ನಿಜಕ್ಕೂ ಹಿಂದಿನ ವಾರಗಳ ಚಿತ್ರ.

*ವೈರಸ್ ಬದಲಾಯಿತು.* ಆಲ್ಫಾ, ಡೆಲ್ಟಾ, ಓಮಿಕ್ರಾನ್ ಹರಡುವ ವೇಗ ಬೇರೆ ಬೇರೆ. ಮೊದಲಿನ ವೈರಸ್‌ನಲ್ಲಿ ಲಕ್ಷಣ ಕಾಣಿಸಲು ಸರಾಸರಿ 5ರಿಂದ 6 ದಿನ ಬೇಕಾಗುತ್ತಿತ್ತು. ಓಮಿಕ್ರಾನ್‌ನಲ್ಲಿ ಅದು ಸುಮಾರು 3 ದಿನಕ್ಕೆ ಇಳಿಯಿತು. ಹಾಗಾಗಿ ಕ್ವಾರಂಟೈನ್ ದಿನಗಳೂ, ಪರೀಕ್ಷಾ ವರದಿಯ ಅವಧಿಯೂ ಬದಲಾದವು.

*ಪರೀಕ್ಷೆಗಳು ಸಮಾನವಲ್ಲ.* ಪಿಸಿಆರ್ ಬಹಳ ಕಡಿಮೆ ವೈರಸ್ ಇದ್ದರೂ ಹಿಡಿಯುತ್ತದೆ. ರ‍್ಯಾಪಿಡ್ ಆಂಟಿಜೆನ್ ಬೇಗ ಫಲಿತಾಂಶ ಕೊಡುತ್ತದೆ, ಆದರೆ ಸೋಂಕಿನ ಆರಂಭದಲ್ಲಿ ತಪ್ಪಿಸಿಕೊಳ್ಳಬಹುದು. ಆದ್ದರಿಂದಲೇ 2022ರ ಜನವರಿಯ ಶಿಫಾರಸಿನಲ್ಲಿ ಪಿಸಿಆರ್‌ಗೆ 72 ಗಂಟೆ, ಆಂಟಿಜೆನ್‌ಗೆ 24 ಗಂಟೆ ಎಂದಿತ್ತು. ಹಿಂದಿನ ವರ್ಷ ಆಂಟಿಜೆನ್‌ಗೆ 48 ಗಂಟೆ ಇತ್ತು.

*ಚೇತರಿಸಿಕೊಂಡವರಲ್ಲೂ ಪಾಸಿಟಿವ್ ಬರಬಹುದು.* ಕಾಯಿಲೆ ವಾಸಿಯಾದ ಮೇಲೂ ಕೆಲವರಲ್ಲಿ ಪಿಸಿಆರ್ ವಾರಗಟ್ಟಲೆ ಪಾಸಿಟಿವ್ ತೋರಿಸುತ್ತದೆ. ಅವರಿಗಾಗಿಯೇ 11ನೇ ದಿನದಿಂದ 180 ದಿನಗಳವರೆಗೆ ನಡೆಯುವ ಚೇತರಿಕೆ ಪ್ರಮಾಣಪತ್ರ ಬಂತು.

ಹಾಗಾದರೆ ಸಿಟ್ಟು ಬಂದದ್ದು ಎಲ್ಲಿ?

ಜನ ಸಿಟ್ಟಾದದ್ದು ಹೆಚ್ಚಾಗಿ ನಿಯಮ ಬದಲಾದ ರೀತಿಗೆ. ಕೆಲವು ಉದಾಹರಣೆ ನೋಡಿ.

2020ರ ಜುಲೈ 25, ಶನಿವಾರ ಸಂಜೆ ಬ್ರಿಟನ್ ಸರ್ಕಾರ ಸ್ಪೇನ್‌ನಿಂದ ಬರುವವರಿಗೆ 14 ದಿನಗಳ ಪ್ರತ್ಯೇಕವಾಸ ಘೋಷಿಸಿತು. ಅದು ಜಾರಿಯಾದದ್ದು ಅದೇ ಮಧ್ಯರಾತ್ರಿ. ಆಗ ಸಾರಿಗೆ ಸಚಿವರಾಗಿದ್ದ ಗ್ರ್ಯಾಂಟ್ ಶಾಪ್ಸ್ ಅವರೇ ರಜೆಗೆಂದು ಸ್ಪೇನ್‌ನಲ್ಲಿದ್ದರು. ಆಗಸ್ಟ್‌ನಲ್ಲಿ ಫ್ರಾನ್ಸ್‌ನ ಸರದಿ. 13ರ ರಾತ್ರಿ ಘೋಷಣೆ, 15ರ ಬೆಳಗಿನ 4 ಗಂಟೆಗೆ ಜಾರಿ. ದೋಣಿ, ರೈಲು, ವಿಮಾನದ ಟಿಕೆಟ್‌ಗಾಗಿ ಜನ ಮುಗಿಬಿದ್ದರು.

2021ರ ಮೇ 17ರಂದು ಬ್ರಿಟನ್ ಪೋರ್ಚುಗಲ್ಲನ್ನು ಹಸಿರು ಪಟ್ಟಿಗೆ ಸೇರಿಸಿತು. ಜೂನ್ 8ಕ್ಕೆ ತೆಗೆದುಹಾಕಿತು. ಜುಲೈನಲ್ಲಿ ಫ್ರಾನ್ಸ್‌ನಿಂದ ಬರುವವರು ಎರಡೂ ಡೋಸ್ ಪಡೆದಿದ್ದರೂ ಕ್ವಾರಂಟೈನ್‌ಗೆ ಹೋಗಬೇಕೆಂದು ಹೇಳಿತು. ಬೀಟಾ ರೂಪಾಂತರಿ ಅದಕ್ಕೆ ಕಾರಣ. ಆದರೆ ಆ ಪ್ರಕರಣಗಳಲ್ಲಿ ಬಹುಪಾಲು ಹಿಂದೂ ಮಹಾಸಾಗರದಲ್ಲಿರುವ ಫ್ರಾನ್ಸ್‌ನ ರಿಯೂನಿಯನ್ ದ್ವೀಪದವು ಎಂಬ ಟೀಕೆ ಬಂತು. ಕೆಲವೇ ವಾರಗಳಲ್ಲಿ ಆ ನಿಯಮವೂ ಹೋಯಿತು.

ಒಕ್ಕೂಟದ ಒಳಗೂ ಹೀಗೇ ಆಯಿತು. 2021ರ ಮಾರ್ಚ್‌ನಲ್ಲಿ ಜರ್ಮನಿ ಫ್ರಾನ್ಸ್‌ನ ಮೊಸೆಲ್ ಪ್ರಾಂತ್ಯವನ್ನು ರೂಪಾಂತರಿ ಪ್ರದೇಶವೆಂದು ಸಾರಿತು. ದಿನವೂ ಗಡಿ ದಾಟಿ ಕೆಲಸಕ್ಕೆ ಹೋಗುವವರು ಪದೇ ಪದೇ ಪರೀಕ್ಷೆ ಮಾಡಿಸಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಓಮಿಕ್ರಾನ್ ಭೀತಿಯಿಂದ ಇಟಲಿ, ಲಸಿಕೆ ಪಡೆದ ಯುರೋಪಿಯನ್ನರಿಗೂ ಪರೀಕ್ಷೆ ಕಡ್ಡಾಯ ಮಾಡಿತು. ಆರು ತಿಂಗಳ ಹಿಂದಷ್ಟೇ "ಪ್ರಮಾಣಪತ್ರ ಇದ್ದರೆ ಸಲೀಸಾಗಿ ಓಡಾಡಬಹುದು" ಎಂದು ಕೇಳಿದ್ದವರಿಗೆ ಇದು ಮಾತು ತಪ್ಪಿದಂತೆ ಕಂಡಿತು.

ಮದುವೆಯಾಗದ, ಬೇರೆ ಬೇರೆ ದೇಶದ ಸಂಗಾತಿಗಳ ಪಾಡು ಇನ್ನೊಂದು. ಅವರನ್ನು ನಿಯಮಗಳು ಪ್ರವಾಸಿಗರೆಂದೇ ಎಣಿಸಿದವು. "ಪ್ರೀತಿ ಪ್ರವಾಸವಲ್ಲ" ಎಂಬ ಘೋಷಣೆಯ ಆಂದೋಲನವೇ ಅದರಿಂದ ಹುಟ್ಟಿತು. 2020ರಲ್ಲಿ ಹಲವು ದೇಶಗಳು ಇವರಿಗೆ ವಿನಾಯಿತಿ ಕೊಟ್ಟವು.

ಕೋವಿಶೀಲ್ಡ್ ಪಡೆದವರಿಗೆ ಏನಾಯಿತು?

2021ರ ಜುಲೈ 1ರಿಂದ ಯುರೋಪಿಯನ್ ಡಿಜಿಟಲ್ ಕೋವಿಡ್ ಪ್ರಮಾಣಪತ್ರ ಜಾರಿಗೆ ಬಂತು. ಯುರೋಪಿಯನ್ ಔಷಧ ಸಂಸ್ಥೆ ಅನುಮತಿಸಿದ ಲಸಿಕೆಗಳನ್ನು ಎಲ್ಲ ಸದಸ್ಯ ದೇಶಗಳೂ ಒಪ್ಪಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರುವ ಉಳಿದ ಲಸಿಕೆಗಳನ್ನು ಒಪ್ಪುವುದು ಬಿಡುವುದು ಆಯಾ ದೇಶದ ಇಷ್ಟ.

ಆಸ್ಟ್ರಾಜೆನೆಕಾ ಲಸಿಕೆ ಮೊದಲ ಪಟ್ಟಿಯಲ್ಲಿತ್ತು. ಅದೇ ಸೂತ್ರದಿಂದ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಕೋವಿಶೀಲ್ಡ್ ಇರಲಿಲ್ಲ. "ಔಷಧಿ ಒಂದೇ ಅಲ್ಲವೇ, ಮತ್ತೇಕೆ ತಕರಾರು?" ಎಂದು ಆಗ ಅನೇಕರು ಕೇಳುತ್ತಿದ್ದರು. ಉತ್ತರ ಇದು: ಲಸಿಕೆ ಜೀವಕೋಶಗಳಲ್ಲಿ ತಯಾರಾಗುವ ಜೈವಿಕ ಔಷಧ. ತಯಾರಿಕೆಯ ಸ್ಥಳ ಮತ್ತು ವಿಧಾನ ಬದಲಾದರೆ ಗುಣಮಟ್ಟವೂ ಬದಲಾಗಬಹುದು. ಹಾಗಾಗಿ ಪರವಾನಗಿಯಲ್ಲಿ ತಯಾರಿಕಾ ಘಟಕವನ್ನೂ ಪರಿಶೀಲಿಸಿ ನಮೂದಿಸುತ್ತಾರೆ. ಕೋವಿಶೀಲ್ಡ್ ಹೆಸರಿನಲ್ಲಿ ಯುರೋಪ್‌ನಲ್ಲಿ ಅಂಥ ಪರವಾನಗಿ ಇರಲಿಲ್ಲ. ಲಸಿಕೆ ಕೆಲಸ ಮಾಡುವುದಿಲ್ಲ ಎಂಬುದು ಇದರ ಅರ್ಥ ಆಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರ ಫೆಬ್ರುವರಿಯಲ್ಲೇ ಅದಕ್ಕೆ ತುರ್ತು ಬಳಕೆಯ ಮಾನ್ಯತೆ ಕೊಟ್ಟಿತ್ತು.

ಜರ್ಮನಿ, ಸ್ಪೇನ್, ಗ್ರೀಸ್, ಐರ್ಲೆಂಡ್ ಮುಂತಾದ ದೇಶಗಳು ಕೋವಿಶೀಲ್ಡ್ ಅನ್ನು ಬೇಗನೆ ಒಪ್ಪಿದವು. ಫ್ರಾನ್ಸ್ ಜುಲೈ ಮಧ್ಯದಲ್ಲಿ ಒಪ್ಪಿತು. ಪುಣೆಯಲ್ಲಿ ತಯಾರಾದ ಡೋಸ್‌ಗಳನ್ನು ಬ್ರಿಟನ್‌ನಲ್ಲಿ ಪಡೆದಿದ್ದ ಕೆಲವು ಬ್ರಿಟಿಷರನ್ನೂ ಮಾಲ್ಟಾಕ್ಕೆ ಹೊರಟಾಗ ವಿಮಾನ ಹತ್ತಲು ಬಿಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಕೋವಿಶೀಲ್ಡ್ ಅನ್ನು ಒಪ್ಪಿದರೂ ಭಾರತದ ಪ್ರಮಾಣಪತ್ರವನ್ನು ಒಪ್ಪಲಿಲ್ಲ. ಭಾರತವೂ ಅಕ್ಟೋಬರ್ 4ರಿಂದ ಬ್ರಿಟಿಷ್ ಪ್ರಜೆಗಳಿಗೆ 10 ದಿನ ಕ್ವಾರಂಟೈನ್ ಹಾಕಿತು. ಅಕ್ಟೋಬರ್ 11ರಿಂದ ಬ್ರಿಟನ್ ತನ್ನ ನಿಯಮ ಸಡಿಲಿಸಿತು. ಕೋವ್ಯಾಕ್ಸಿನ್ ಪಡೆದವರು ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆಗಾಗಿ ನವೆಂಬರ್ 3ರವರೆಗೆ ಕಾಯಬೇಕಾಯಿತು.

ಈ ನಿರ್ಬಂಧಗಳಿಂದ ಉಪಯೋಗ ಆಯಿತೇ?

ಸ್ವಲ್ಪ ಮಟ್ಟಿಗೆ ಆಯಿತು. 2020ರ ಬೇಸಿಗೆಯಲ್ಲಿ ಸ್ಪೇನ್‌ನಲ್ಲಿ ಹರಡಿದ ಒಂದು ವೈರಸ್ ಬಗೆ, ರಜೆ ಮುಗಿಸಿ ಮನೆಗೆ ಮರಳಿದವರ ಮೂಲಕ ಯುರೋಪ್‌ನ ಅನೇಕ ದೇಶಗಳನ್ನು ಸೇರಿತು ಎಂದು ವೈರಸ್‌ನ ಜೀನ್ ಅಧ್ಯಯನಗಳು ತೋರಿಸಿವೆ. ಪ್ರಯಾಣದಿಂದ ಸೋಂಕು ಹರಡುವುದು ನಿಜ. ಆದರೆ ಒಂದು ಬಗೆಯ ವೈರಸ್ ಊರೊಳಗೆ ಹರಡಿದ ಮೇಲೆ ಗಡಿ ಮುಚ್ಚಿದರೆ ಸಿಗುವ ಲಾಭ ಕಡಿಮೆ. ಬೇಗ ಮುಚ್ಚಿದರೆ ಆಸ್ಪತ್ರೆಗಳಿಗೆ ಸಿದ್ಧವಾಗಲು ಕೆಲವು ದಿನ ಸಿಗುತ್ತವೆ. 2021ರಲ್ಲಿ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯೂ ಈ ಕ್ರಮಗಳ ಪರವಾದ ಪುರಾವೆ ಬಹುತೇಕ ದುರ್ಬಲ ಎಂದೇ ಹೇಳಿತು.

2022ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಸಮಿತಿ ಅಂತಾರಾಷ್ಟ್ರೀಯ ಸಂಚಾರ ನಿಷೇಧಗಳನ್ನು ತೆಗೆಯಿರಿ ಅಥವಾ ಸಡಿಲಿಸಿ ಎಂದು ಸಲಹೆ ಮಾಡಿತು. ಅದೇ ತಿಂಗಳು ಯುರೋಪಿಯನ್ ದೇಶಗಳು ಇನ್ನು ಮುಂದೆ ನೀವು ಬಂದ ಪ್ರದೇಶದ ಬಣ್ಣಕ್ಕಿಂತ ನಿಮ್ಮ ಲಸಿಕೆ, ಪರೀಕ್ಷೆ ಅಥವಾ ಚೇತರಿಕೆಯ ಸ್ಥಿತಿಯನ್ನು ನೋಡೋಣ ಎಂದು ಒಪ್ಪಿದವು. ಡಿಜಿಟಲ್ ಪ್ರಮಾಣಪತ್ರದ ಕಾನೂನು 2023ರ ಜೂನ್ 30ಕ್ಕೆ ಮುಗಿಯಿತು.

ರೋಗಿಗಳು ಮತ್ತು ಆರೈಕೆದಾರರು ನೆನಪಿಡಬೇಕಾದದ್ದು

ಮುಂದೊಂದು ದಿನ ಇಂಥ ನಿಯಮಗಳ ನಡುವೆ ನೀವು ಚಿಕಿತ್ಸೆಗೋ, ಕಾಯಿಲೆಯ ಬಂಧುವನ್ನು ನೋಡಲೋ ಹೊರಡಬೇಕಾದರೆ ಇವನ್ನು ಗಮನಿಸಿ:

1. ಆದೇಶ ಯಾರದು? ನೀವು ಇಳಿಯುವ ದೇಶದ ಸರ್ಕಾರಿ ಜಾಲತಾಣವನ್ನೇ ನೋಡಿ. ವಿಮಾನ ಬದಲಿಸುವ ದೇಶದ ನಿಯಮವೂ ಬೇಕು.
2. ಎಂದಿನಿಂದ ಜಾರಿ? ದಿನಾಂಕ ಮಾತ್ರವಲ್ಲ, ಗಂಟೆಯನ್ನೂ ನೋಡಿ. ಅದು ಆ ದೇಶದ ಗಂಟೆ.
3. ಯಾರಿಗೆ ಅನ್ವಯ? ಪೌರತ್ವಕ್ಕೋ, ಕಳೆದ 14 ದಿನ ನೀವಿದ್ದ ಜಾಗಕ್ಕೋ ಎಂದು ತಿಳಿಯಿರಿ.
4. ಗಡಿಯಾರ ಎಲ್ಲಿಂದ ಶುರು? 72 ಗಂಟೆ ಎಂದರೆ ಮಾದರಿ ಕೊಟ್ಟ ಹೊತ್ತಿನಿಂದಲೋ ವರದಿ ಬಂದ ಹೊತ್ತಿನಿಂದಲೋ, ವಿಮಾನ ಹತ್ತುವವರೆಗೋ ಇಳಿಯುವವರೆಗೋ ಎಂದು ಕೇಳಿ.
5. ವಿನಾಯಿತಿ ಇದೆಯೇ? 2020ರ ಯುರೋಪಿಯನ್ ಶಿಫಾರಸಿನಲ್ಲೂ ತುರ್ತು ಚಿಕಿತ್ಸೆಗೆ ಹೋಗುವವರಿಗೆ, ತುರ್ತು ಕೌಟುಂಬಿಕ ಕಾರಣ ಇರುವವರಿಗೆ ಕ್ವಾರಂಟೈನ್‌ನಿಂದ ವಿನಾಯಿತಿ ಇತ್ತು. ಆಸ್ಪತ್ರೆಯ ಪತ್ರ, ಸಂಬಂಧದ ದಾಖಲೆ ಕೈಯಲ್ಲಿರಲಿ.
6. ಹೆಸರು ಹೊಂದುತ್ತದೆಯೇ? ಲಸಿಕೆ ಮತ್ತು ಪರೀಕ್ಷೆಯ ದಾಖಲೆಯಲ್ಲಿ ಹೆಸರು, ಜನ್ಮದಿನಾಂಕ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆಯುವುದರಿಂದ ಹೆಚ್ಚು ತೊಂದರೆಯಾಗುತ್ತದೆ.
7. ಔಷಧಿ ಸಾಕಷ್ಟಿದೆಯೇ? ವಾಪಸು ಬರುವುದು ತಡವಾಗಬಹುದು ಎಂದುಕೊಂಡು ಕನಿಷ್ಠ ಎರಡು ವಾರಕ್ಕೆ ಹೆಚ್ಚುವರಿ ಇಟ್ಟುಕೊಳ್ಳಿ. ಚೀಟಿಯಲ್ಲಿ ಔಷಧಿಯ ಜೆನೆರಿಕ್ ಹೆಸರು ಬರೆಸಿ, ಏಕೆಂದರೆ ಭಾರತದ ಬ್ರ್ಯಾಂಡ್ ಹೆಸರು ಅಲ್ಲಿನ ಫಾರ್ಮಸಿಗೆ ತಿಳಿಯದಿರಬಹುದು. ನಿದ್ರೆ ಮಾತ್ರೆ, ತೀವ್ರ ನೋವು ನಿವಾರಕಗಳಿಗೆ ಆ ದೇಶದ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಹೆಪ್ಪುಗಟ್ಟಿದರೆ ಅದನ್ನು ಬಳಸಬಾರದು.

ವಿಜ್ಞಾನ ಹೊಸದನ್ನು ಕಂಡುಕೊಂಡಂತೆ ಸಲಹೆ ಬದಲಾಗುವುದು ಸಹಜ. ನಿಮ್ಮ ವೈದ್ಯರೂ ಹೊಸ ವರದಿ ನೋಡಿ ಔಷಧಿಯ ಪ್ರಮಾಣ ಬದಲಿಸುತ್ತಾರೆ. ಆಗ ಏಕೆ ಬದಲಿಸಿದಿರಿ ಎಂದು ಕೇಳಲು ನಿಮಗೆ ಹಕ್ಕಿದೆ. ಯುರೋಪ್‌ನ ಜನ ಕೇಳಿದ್ದೂ ಅದನ್ನೇ. ಕಾರಣ ತಿಳಿಸಿ, ಸ್ವಲ್ಪ ಸಮಯ ಕೊಟ್ಟು ಬದಲಿಸಿದ ನಿಯಮವನ್ನು ಪಾಲಿಸುವುದು ಜನರಿಗೆ ಸುಲಭ. ರಾತ್ರೋರಾತ್ರಿ ಬಂದ ಆದೇಶದಿಂದ ನಂಬಿಕೆ ಕುಗ್ಗುತ್ತದೆ, ಮುಂದಿನ ಆದೇಶ ಸರಿಯಾಗಿದ್ದರೂ ಜನ ಅದನ್ನು ಅನುಮಾನದಿಂದ ನೋಡುತ್ತಾರೆ.