ಜಾಪ್ಫಿನೊ

ಜಾಪ್ಫಿನೊ ಎಂಬುದು ಜರ್ಮನಿಯ ಅಕ್ಷರ ವಿನ್ಯಾಸಕಾರ ಹರ್ಮನ್ ಜಾಪ್ಫ್ (1918–2015) ರೂಪಿಸಿದ, ರೋಮನ್ ಲಿಪಿಯ ಅಲಂಕಾರಿಕ ಅಕ್ಷರಶೈಲಿ. ಲೈನೋಟೈಪ್ ಸಂಸ್ಥೆಯು ಇದನ್ನು 1998ರಲ್ಲಿ ಬಿಡುಗಡೆ ಮಾಡಿತು.

ಹಿನ್ನೆಲೆ

ಎರಡನೆಯ ಮಹಾಯುದ್ಧದ ಸಮಯದಲ್ಲಿ, 1944ರಲ್ಲಿ, ಜಾಪ್ಫ್ ಬರೆದಿದ್ದ ಕೈಬರಹವೇ ಇದರ ಮೂಲ. ಲೋಹದ ಅಚ್ಚುಮೊಳೆಗಳ ಕಾಲದಲ್ಲಿ ಪ್ರತಿ ಅಕ್ಷರವೂ ಆಯತಾಕಾರದ ಮೊಳೆಯೊಂದಕ್ಕೆ ಹೊಂದಿಕೊಳ್ಳಬೇಕಿತ್ತು. ಆದ್ದರಿಂದ ಲೇಖನಿಯ ನೀಳವಾದ ಬಾಗುಬಳುಕುಗಳನ್ನು ಪಕ್ಕದ ಅಕ್ಷರಗಳ ಮೇಲೆ ಮುಕ್ತವಾಗಿ ಚಾಚಲು ಸಾಧ್ಯವಿರಲಿಲ್ಲ. ಗಣಕಯಂತ್ರವು ಈ ಮಿತಿಯನ್ನು ನಿವಾರಿಸಿದ ಬಳಿಕವೇ, ಅರ್ಧ ಶತಮಾನದ ನಂತರ, ಆ ಬರಹವು ಮುದ್ರಣಕ್ಕೆ ಒದಗಿತು.

ಲಕ್ಷಣಗಳು

ಕೈಬರಹದಲ್ಲಿ ಒಂದೇ ಅಕ್ಷರವು ಪ್ರತಿ ಬಾರಿಯೂ ಒಂದೇ ರೀತಿ ಮೂಡುವುದಿಲ್ಲ. ಈ ಸಹಜತೆಯನ್ನು ಉಳಿಸಲು ಮೂಲ ಆವೃತ್ತಿಯಲ್ಲಿ ನಾಲ್ಕು ಅಕ್ಷರಮಾಲೆಗಳನ್ನು ನೀಡಲಾಗಿದ್ದು, ಅವುಗಳನ್ನು ಬೆರೆಸಿ ಬಳಸಬಹುದು. ಜೋಡಕ್ಷರಗಳೂ ಅಲಂಕಾರಿಕ ಚಿಹ್ನೆಗಳೂ ಇದರಲ್ಲಿವೆ. 2003ರಲ್ಲಿ ಜಾಪ್ಫ್ ಮತ್ತು ಅಕಿರಾ ಕೊಬಯಾಶಿ ಇದನ್ನು ವಿಸ್ತರಿಸಿ 'ಜಾಪ್ಫಿನೊ ಎಕ್ಸ್‌ಟ್ರಾ' ಆವೃತ್ತಿಯನ್ನು ಸಿದ್ಧಪಡಿಸಿದರು.

ಬಳಕೆ

ಆಪಲ್ ಸಂಸ್ಥೆಯ ಮ್ಯಾಕ್ ಒಎಸ್ ಎಕ್ಸ್ ಕಾರ್ಯಾಚರಣಾ ವ್ಯವಸ್ಥೆಯೊಂದಿಗೆ ದೊರೆತದ್ದರಿಂದ ಈ ಶೈಲಿ ವ್ಯಾಪಕವಾಗಿ ಪರಿಚಿತವಾಯಿತು. ಆಮಂತ್ರಣ ಪತ್ರಿಕೆ, ಪ್ರಶಸ್ತಿಪತ್ರ ಹಾಗೂ ಶೀರ್ಷಿಕೆಗಳಿಗೆ ಇದು ಸೂಕ್ತ. ಅಕ್ಷರಗಳ ಚಾಚು ಮೇಲಿನ ಮತ್ತು ಕೆಳಗಿನ ಸಾಲುಗಳನ್ನು ತಾಗುವುದರಿಂದ ದೀರ್ಘ ಪಠ್ಯಕ್ಕೆ ಇದು ಹೊಂದುವುದಿಲ್ಲ.