ಚುಕ್ಕೆಗಳ ಹಿಂದಿನ ಇಂಗ್ಲಿಷು

ಕನ್ನಡ ಮೀಡಿಯಮ್ಮಿನಿಂದ ಬಂದ ನನಗೆ ಕಂಪ್ಯೂಟರ್ ಮೊದಲು ಕಲಿಸಿದ್ದು ಇಂಗ್ಲಿಷಲ್ಲ, ಹೆದರಿಕೆ! ವ್ಯಾಕರಣದ ಅಭ್ಯಾಸವೊಂದರಲ್ಲಿ 'ಡು ನಾಟ್' ಅಂತ ಟೈಪಿಸಿದೆ. ಅದಕ್ಕೆ ಬೇಕಿದ್ದದ್ದು 'ಡೋಂಟ್'. ಪರದೆ ಮೇಲೆ ಕೆಂಪಕ್ಷರದಲ್ಲಿ 'ತಪ್ಪು'. ಯಾಕೆ ತಪ್ಪು ಅಂತ ಮಾತ್ರ ಹೇಳಲಿಲ್ಲ.

ಈ ಯಂತ್ರಗುರುಗಳ ಇತಿಹಾಸ ಓದಿದ್ದು ಆಮೇಲೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಡೊನಾಲ್ಡ್ ಬಿಟ್ಜರ್ 'ಪ್ಲೇಟೋ' ಶುರು ಮಾಡಿದರು. 1970ರ ದಶಕದಲ್ಲಿ ಅದರ ಕಿತ್ತಳೆ ಬಣ್ಣದ ಪರದೆಗಳಲ್ಲಿ ಇಂಗ್ಲಿಷ್ ಕಲಿಯುವವರಿಗೂ ಪಾಠಗಳಿದ್ದವು. ಕಾಗುಣಿತ ತಪ್ಪಿದ ಪದವನ್ನು ಅದು ಗುರುತು ಹಾಕಿ ತೋರಿಸುತ್ತಿತ್ತು. ಆದರೂ ಪಾಠ ಬರೆದವರು ಮೊದಲೇ ಊಹಿಸಿಟ್ಟ ಉತ್ತರವೇ ಸರಿಯುತ್ತರ.

1980ರ ದಶಕದಲ್ಲಿ ಬ್ರಿಟನ್ನಿನ ಜಾನ್ ಹಿಗಿನ್ಸ್ ಇದನ್ನು ತಿರುಗಿಸಿಟ್ಟರು. ಕಂಪ್ಯೂಟರ್ ಬೆತ್ತ ಹಿಡಿದ ಮೇಷ್ಟ್ರಾಗಬೇಕಿಲ್ಲ, ಪ್ರಾಚೀನ ಗ್ರೀಸಿನಲ್ಲಿ ಮಗುವಿನ ಜೊತೆ ಶಾಲೆಗೆ ಹೋಗುತ್ತಿದ್ದ ಆಳಿನಂತಿದ್ದರೆ ಸಾಕು ಅನ್ನೋದು ಅವರ ವಾದ. ಆ ಕಾಲದ 'ಸ್ಟೋರಿಬೋರ್ಡ್' ಇದಕ್ಕೆ ಒಳ್ಳೆ ಉದಾಹರಣೆ. ಒಂದು ಪ್ಯಾರಾದ ಅಕ್ಷರಗಳೆಲ್ಲ ಚುಕ್ಕೆಗಳಾಗಿರುತ್ತವೆ. ನಾವು ಪದ ಊಹಿಸಿ ಟೈಪಿಸಬೇಕು, ಅದು ಇರುವ ಕಡೆಯೆಲ್ಲ ತೆರೆದುಕೊಳ್ಳುತ್ತೆ. 'ಹ್ಯಾಡ್' ಸಿಕ್ಕಿತಾ? ಹಾಗಾದರೆ ಮುಂದಿನದು 'ವೆಂಟ್' ಆಗಲಾರದು, 'ಗಾನ್' ಇದ್ದೀತು! ವ್ಯಾಕರಣ ಇಲ್ಲಿ ಪರೀಕ್ಷೆಯಲ್ಲ, ಸುಳಿವು. ತಪ್ಪಿದರೆ ಇನ್ನೊಂದು ಊಹೆ, ಅಷ್ಟೇ.

ಈಗಿನ ತಂತ್ರಾಂಶಗಳು ಇಡೀ ವಾಕ್ಯವನ್ನೇ ತಿದ್ದಿ ಕೈಗಿಡುತ್ತವೆ. ಬೈಯೋದಿಲ್ಲ, ನಿಜ. ಆದರೆ ಊಹಿಸೋಕೂ ಬಿಡೋದಿಲ್ಲ. ನಾನು ಇಂಗ್ಲಿಷ್ ಕಲಿತದ್ದೆಲ್ಲ ತಪ್ಪು ಊಹೆಗಳಿಂದಲೇ.. ನೀವು?